ಸೊಂಟದ ಡಿಸ್ಕು, ಕಾಲಿನ ನೋವು

ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಬರುವ ದಿನಗಳಲ್ಲಿ ಸೀನದವರಿಲ್ಲ. ಘಾಟಿಗೆ ಹಮಾಲರೂ ಸೀನುತ್ತಾರೆ, ದಲಾಲರೂ ಸೀನುತ್ತಾರೆ. ಈ ಭಾಗದಲ್ಲಿ ಫಿಸಿಯೋಥೆರಪಿ ಮಾಡುವ ನಾನು ಆ ಸೀನಿನ ಬಗ್ಗೆಯೇ ಮೊದಲು ಕೇಳುತ್ತೇನೆ. ಚೀಲ ಹೊರುವವರೊಬ್ಬರು “ನಡಾ ಹಿಡದೈತ್ರಿ ಅಕ್ಕಾರ” ಎಂದು ಬಂದರೆ, “ಸೀನಿದಾಗ ಎಲ್ಲಿ ನೋಯತೈತಿ ಅಣ್ಣಾರ?” ಎನ್ನುತ್ತೇನೆ. “ಕುಂಡಿಯಿಂದ ಹಿಂಬಡದ ಮಟಾ ಚಳಕ್ ಅಂತ ಇಳಿತೈತ್ರಿ” ಎಂಬ ಉತ್ತರ ಬಂದರೆ ನನ್ನ ಗಮನ ಸೊಂಟ ಬಿಟ್ಟು ಕಾಲಿಗೆ ಹೋಗುತ್ತದೆ.

ಬರೀ ಸೊಂಟ ನೋವು ಬಹುಪಾಲು ಸ್ನಾಯುಗಳದ್ದೋ ಕೀಲುಗಳದ್ದೋ ಆಗಿರುತ್ತದೆ. ಡಿಸ್ಕಿನ ತಿರುಳು ನರವನ್ನು ಒತ್ತಿದಾಗ ಮಾತ್ರ ಕಥೆ ಬೇರೆ. ನಮ್ಮ ಬೆನ್ನಿನಲ್ಲಿ 23 ಡಿಸ್ಕುಗಳಿವೆ. ಹೊರಸುತ್ತು ಗಟ್ಟಿ ನಾರು, ಒಳಗೆ ನೀರಿನಂಶದ ಮೆತ್ತನೆಯ ತಿರುಳು. ವಯಸ್ಸು, ಹೊರೆ, ಸೊಂಟ ಬಗ್ಗಿಸಿ ತಿರುಗಿ ಎತ್ತುವ ಅಭ್ಯಾಸ, ಇವೆಲ್ಲ ಸೇರಿ ಆ ನಾರು ಸೀಳಿದರೆ ತಿರುಳು ಹಿಂದಕ್ಕೆ ಉಬ್ಬಿ ಪಕ್ಕದ ನರದ ಬೇರಿಗೆ ತಾಗುತ್ತದೆ. ಸೀನಿದಾಗ, ಕೆಮ್ಮಿದಾಗ, ಮಲವಿಸರ್ಜನೆಗೆ ಮುಕ್ಕಿದಾಗ ಒಳಗಿನ ಒತ್ತಡ ಏರುವುದರಿಂದ ನೋವು ಕಾಲಿಗೆ ನುಗ್ಗುತ್ತದೆ. ಡಿಸ್ಕೇ ಹೀಗೆ ನರವನ್ನು ಒತ್ತುತ್ತದೆ ಎಂಬುದನ್ನು ವೈದ್ಯಲೋಕ ಸ್ಪಷ್ಟವಾಗಿ ಒಪ್ಪಿಕೊಂಡದ್ದು 1934ರಲ್ಲಿ ಬಾಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಎಂಬ ವೈದ್ಯರು ಬರೆದ ಲೇಖನದ ನಂತರ. ಅದಕ್ಕೂ ಮೊದಲು ಶಸ್ತ್ರಚಿಕಿತ್ಸೆಯಲ್ಲಿ ಸಿಕ್ಕ ಡಿಸ್ಕಿನ ತುಣುಕುಗಳನ್ನು ಗಡ್ಡೆಯೆಂದೇ ತಿಳಿಯುತ್ತಿದ್ದರು.

ಸೊಂಟದಲ್ಲಿ ಹೆಚ್ಚಾಗಿ ಕೆಡುವುದು ಕೆಳಗಿನ ಎರಡು ಡಿಸ್ಕುಗಳು. ಯಾವ ನರಕ್ಕೆ ಪೆಟ್ಟಾಗಿದೆ ಎಂಬುದನ್ನು ಕಾಲೇ ತೋರಿಸಿಕೊಡುತ್ತದೆ. ತೊಡೆಯ ಹೊರಮಗ್ಗುಲಿನಿಂದ ಪಾದದ ಮೇಲ್ಭಾಗಕ್ಕೆ, ಹೆಬ್ಬೆರಳಿಗೆ ಜೋಮು ಇಳಿದರೆ ಸೊಂಟದ ಐದನೇ ನರ. ಅಂಥವರಿಗೆ ಹಿಮ್ಮಡಿಯ ಮೇಲೆ ನಡೆಯುವುದು ಕಷ್ಟ. ಮೀನಖಂಡದ ಹಿಂದಿನಿಂದ ಅಂಗಾಲಿಗೆ, ಕಿರುಬೆರಳಿಗೆ ಹೋದರೆ ಅದರ ಕೆಳಗಿನ ನರ. ಅವರಿಗೆ ತುದಿಗಾಲಿನಲ್ಲಿ ನಿಲ್ಲಲಾಗದು. ನೆಲ ಸರಿಯಿರುವ ಕಡೆ ಗೋಡೆ ಹಿಡಿದುಕೊಂಡು ಎರಡನ್ನೂ ಮನೆಯಲ್ಲೇ ಮಾಡಿ ನೋಡಬಹುದು. “ಚಪ್ಪಲಿ ಯಾವಾಗ ಜಾರಿತೋ ಗೊತ್ತs ಆಗಲಿಲ್ರೀ” ಎನ್ನುವವರನ್ನು ನಾನು ಆ ದಿನವೇ ವೈದ್ಯರ ಬಳಿ ಕಳಿಸುತ್ತೇನೆ.

ಕೂತರೆ ನೋವು ಹೆಚ್ಚು, ನಡೆದಾಡಿದರೆ ಅಥವಾ ಮಲಗಿದರೆ ತುಸು ಕಡಿಮೆ. ಇದು ಇನ್ನೊಂದು ಗುರುತು. ಕೂತಾಗ, ಅದರಲ್ಲೂ ಮುಂದಕ್ಕೆ ಬಾಗಿ ಕೂತಾಗ ಡಿಸ್ಕಿನ ಮೇಲೆ ಒತ್ತಡ ಹೆಚ್ಚು. ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಿ ಬಂದವರು ಇಳಿಯುವಾಗ ಒಂದು ಕಡೆ ವಾಲುವುದು ಅದಕ್ಕೇ. ಅರವತ್ತು ದಾಟಿದ ರೈತರೊಬ್ಬರು ಇದಕ್ಕೆ ತದ್ವಿರುದ್ಧ ಹೇಳಿದರೆ, ಅಂದರೆ ನಡೆದರೆ ಕಾಲು ಸೋಲುತ್ತದೆ, ಬದುವಿನ ಮೇಲೆ ಕೂತರೆ ಹಗುರ ಎಂದರೆ, ನರಗಳ ಕೊಳವೆಯೇ ಕಿರಿದಾಗಿರಬಹುದು. ಎರಡೂ ಅಂಗಾಲು ಉರಿಯುವ ಸಕ್ಕರೆ ಕಾಯಿಲೆಯವರದ್ದು ಬೇರೆ ದಾರಿ. ರಾತ್ರಿ ಮಲಗಿದರೂ ಬಿಡದ ನೋವು, ಜ್ವರ, ತೂಕ ಇಳಿಕೆ ಇದ್ದರೆ ಬೆನ್ನುಮೂಳೆಯ ಕ್ಷಯ ಅಥವಾ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ಕುತ್ತಿಗೆಯ ಡಿಸ್ಕಾದರೆ ನೋವು ತೋಳಿನಿಂದ ಬೆರಳಿಗಿಳಿಯುತ್ತದೆ.

ಈಗ ಎಂಆರ್‌ಐ ವರದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು, “ನನ್ನ ಡಿಸ್ಕ್ ಹೋಗೈತಂತ್ರಿ” ಎಂದು ಕಣ್ಣೀರು ಹಾಕುವವರು ಬರುತ್ತಾರೆ. ಅವರಿಗೆ ನಾನು 1994ರ ಅಮೆರಿಕದ ಅಧ್ಯಯನವೊಂದನ್ನು ಹೇಳುತ್ತೇನೆ: ಬೆನ್ನು ನೋವೇ ಇಲ್ಲದ 98 ಜನರನ್ನು ಸ್ಕ್ಯಾನ್ ಮಾಡಿದಾಗ ಅರ್ಧದಷ್ಟು ಮಂದಿಯಲ್ಲಿ ಉಬ್ಬಿದ ಡಿಸ್ಕ್ ಕಂಡಿತ್ತು. ಚಿತ್ರ ಮತ್ತು ಕಾಲಿನ ಲಕ್ಷಣ ಒಂದಕ್ಕೊಂದು ಹೊಂದಬೇಕು. ಹೊಂದದಿದ್ದರೆ ಆ ವರದಿಗೆ ಹೆದರುವುದು ಬೇಡ.

ಹೆದರಬೇಕಾದದ್ದು ಒಂದಿದೆ, ಅದನ್ನು ಜನ ನಾಚಿಕೆಯಿಂದ ಹೇಳುವುದಿಲ್ಲ. ದೊಡ್ಡ ತುಣುಕು ಹೊರಬಂದು ಕೆಳಗಿನ ನರಗಳ ಗೊಂಚಲನ್ನೇ ಒತ್ತಿದರೆ, ಸೈಕಲ್ ಸೀಟು ತಾಗುವಷ್ಟು ಜಾಗ ಮರಗಟ್ಟುತ್ತದೆ. ಮೂತ್ರ ಕಟ್ಟುತ್ತದೆ, ಇಲ್ಲವೇ ಅರಿವಿಲ್ಲದೆ ಹೋಗುತ್ತದೆ. ಮಲದ ಮೇಲಿನ ಹಿಡಿತ ತಪ್ಪುತ್ತದೆ, ಎರಡೂ ಕಾಲು ಸೋಲಬಹುದು. ಗಂಡಸರು ಹೆಣ್ಣುಮಗಳಾದ ನನ್ನೆದುರು ಇದನ್ನು ಹೇಳಲು ತಡವರಿಸುತ್ತಾರೆ, ಹೆಂಗಸರು ಅತ್ತೆಯ ಮುಂದೆ ಬಾಯಿಬಿಡುವುದಿಲ್ಲ. ಹಾಗಾಗಿ ನಾನೇ ನೇರವಾಗಿ ಕೇಳುತ್ತೇನೆ, ಜೊತೆಗೆ ಬಂದವರನ್ನು ಹೊರಗೆ ಕೂರಿಸಿ ಕೇಳುತ್ತೇನೆ. ಇವುಗಳಲ್ಲಿ ಯಾವುದೇ ಒಂದು ಕಂಡರೂ ಎಣ್ಣೆ ತಿಕ್ಕಿಸಿ ಕಾಯುವ ಹೊತ್ತಲ್ಲ, ಮಕ್ಕಳಿಂದ ಬೆನ್ನು ತುಳಿಸಿಕೊಳ್ಳುವ ಹೊತ್ತಂತೂ ಅಲ್ಲವೇ ಅಲ್ಲ. ಆ ರಾತ್ರಿಯೇ ಬೆನ್ನಿನ ಶಸ್ತ್ರಚಿಕಿತ್ಸೆ ಮಾಡುವ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ತಡವಾದಷ್ಟೂ ಮೂತ್ರದ ಹಿಡಿತ ಮರಳುವ ಸಾಧ್ಯತೆ ಕುಗ್ಗುತ್ತದೆ.

ಇಷ್ಟು ಗಂಭೀರವಾಗುವುದು ಅಪರೂಪ. ಬಹುತೇಕರಿಗೆ ಆರರಿಂದ ಹನ್ನೆರಡು ವಾರಗಳಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆ ಕಾಲುನೋವು ಇಳಿಯುತ್ತದೆ. ಹೊರಬಂದ ತಿರುಳನ್ನು ದೇಹವೇ ಎಷ್ಟೋ ಸಲ ಕರಗಿಸಿಕೊಳ್ಳುತ್ತದೆ. ಒಂದೆರಡು ದಿನದ ವಿಶ್ರಾಂತಿ ಸಾಕು, ಮತ್ತೆ ಹಾಸಿಗೆ ಹಿಡಿಯದೆ ಆದಷ್ಟು ಓಡಾಡಿಕೊಂಡಿರಬೇಕು. ಚೇತರಿಸಿಕೊಳ್ಳುವಾಗ ನೋವು ಪಾದ ಬಿಟ್ಟು ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ, ಕೊನೆಗೆ ಸೊಂಟಕ್ಕೆ ಹಿಂದೆ ಸರಿಯುತ್ತದೆ. ಆಗ ಸೊಂಟ ಮೊದಲಿಗಿಂತ ಹೆಚ್ಚು ನೋಯುವುದೂ ಉಂಟು. ಕಾಲು ಹಗುರಾಗುತ್ತಿದ್ದರೆ ಅದಕ್ಕೆ ಗಾಬರಿ ಬೇಡ. ಆದರೆ ನೋವು ಪೂರ್ತಿ ಮಾಯವಾಗಿ ಪಾದ ಮಾತ್ರ ಮೇಲೇಳದಿದ್ದರೆ, ಗುಣವಾಯಿತೆಂದು ಚೀಲ ಹೊರಲು ಹೋಗಬೇಡಿ. ನರ ಸೋಲುತ್ತಿರಬಹುದು, ಅಂದೇ ವೈದ್ಯರಿಗೆ ತೋರಿಸಿ.