ಅರಿವಳಿಕೆಯ ಮದ್ದೂ ಜೀವಕಣದ ಪೊರೆಯೂ

1846ನೆಯ ಇಸವಿ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದ ಆಸ್ಪತ್ರೆಯೊಂದರಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯನು ರೋಗಿಯೊಬ್ಬನಿಗೆ ಈಥರಿನ ಆವಿಯನ್ನು ಉಸಿರಾಡಿಸಿದನು. ಶಸ್ತ್ರವೈದ್ಯನು ಆತನ ಕೊರಳಿನ ಗಂಟನ್ನು ಕೊಯ್ದನು. ಮರುವರ್ಷವೇ ಎಡಿನ್‌ಬರೋದಲ್ಲಿ ಜೇಮ್ಸ್ ಸಿಂಪ್ಸನ್ನನು ಕ್ಲೋರೋಫಾರಮ್ಮನ್ನು ಬಳಕೆಗೆ ತಂದನು. ಅಂದಿನಿಂದ ಶಸ್ತ್ರಚಿಕಿತ್ಸೆಯು ಯಾತನೆಯ ಹೆಸರಾಗಿ ಉಳಿಯಲಿಲ್ಲ. ಆದರೆ ಈ ಮದ್ದುಗಳು ಅರಿವನ್ನು ಹೇಗೆ ಅಡಗಿಸುತ್ತವೆಂಬ ಪ್ರಶ್ನೆಯು ಮಾತ್ರ ಬಹುಕಾಲ ಬಿಡಿಸದ ಗಂಟಾಗಿಯೇ ಇದ್ದಿತು.

ಸಾಮಾನ್ಯವಾಗಿ ಔಷಧವೊಂದು ಬೀಗಕ್ಕೆ ತಕ್ಕ ಬೀಗದ ಕೈಯಂತೆ ಕೆಲಸಮಾಡುವುದು. ಇಲ್ಲಿಯಾದರೋ ಈಥರು, ಕ್ಲೋರೋಫಾರಂ, ಮದ್ಯಸಾರ, ಕಡೆಗೆ ಬೇರೆ ದ್ರವ್ಯಗಳೊಡನೆ ಸುಲಭವಾಗಿ ಕೂಡದ ಕ್ಸೆನಾನ್ ಅನಿಲ, ಇವೆಲ್ಲವೂ ಒಂದಕ್ಕೊಂದು ಹೋಲಿಕೆಯಿಲ್ಲದವು. ಆದರೂ ಫಲ ಒಂದೇ. ಇವುಗಳಲ್ಲಿರುವ ಸಮಾನಗುಣವಾವುದು?

ಜರ್ಮನಿಯ ಹನ್ಸ್ ಮೇಯರ್ 1899ರಲ್ಲಿಯೂ, ಸ್ವತಂತ್ರವಾಗಿ ಚಾರ್ಲ್ಸ್ ಓವರ್ಟನ್ 1901ರಲ್ಲಿಯೂ ಇದಕ್ಕೆ ಉತ್ತರವನ್ನು ಪ್ರಕಟಿಸಿದರು. ಕಪ್ಪೆಯ ಮರಿಗಳನ್ನು ಮದ್ದು ಬೆರೆಸಿದ ನೀರಿನಲ್ಲಿ ಬಿಟ್ಟು, ಎಷ್ಟು ಮದ್ದಿಗೆ ಅವು ಈಜುವುದನ್ನು ನಿಲ್ಲಿಸುವುವೆಂದು ಅಳೆಯಲಾಯಿತು. ಅದೇ ಮದ್ದು ನೀರಿಗಿಂತ ಆಲಿವ್ ಎಣ್ಣೆಯಲ್ಲಿ ಎಷ್ಟು ಪಾಲು ಹೆಚ್ಚಾಗಿ ಕರಗುವುದೆಂಬುದನ್ನೂ ಎಣಿಸಲಾಯಿತು. ಎಣ್ಣೆಯಲ್ಲಿ ಹೆಚ್ಚು ಕರಗುವ ಮದ್ದು ಅಷ್ಟೇ ಹೆಚ್ಚು ಬಲವುಳ್ಳದ್ದೆಂಬುದು ಆಶ್ಚರ್ಯಕರವಾಗಿ ತೋರಿಬಂದಿತು.

ಈ ಎಣ್ಣೆಯು ಶರೀರದಲ್ಲಿ ಎಲ್ಲಿದೆ? ಪ್ರತಿಯೊಂದು ಜೀವಕಣವನ್ನೂ ಸುತ್ತಿರುವ ಪೊರೆಯಲ್ಲಿದೆ. ಅಭ್ಯಂಜನದ ಜಿಡ್ಡು ಬರಿಯ ನೀರಿಗೆ ಹೋಗದೆ ಸೀಗೆಪುಡಿಗೆ ಹೋಗುವುದಷ್ಟೆ. ಸೀಗೆಯ ಅಣುವಿನ ಒಂದು ತುದಿಗೆ ನೀರಿನಲ್ಲಿ ಒಲವು, ಇನ್ನೊಂದಕ್ಕೆ ಎಣ್ಣೆಯಲ್ಲಿ ಒಲವು. ಪೊರೆಯ ಸ್ನೇಹದ್ರವ್ಯದ ಅಣುಗಳೂ ಇಂತಹವೇ. ಅವು ಎರಡು ಸಾಲಾಗಿ, ತಲೆಗಳನ್ನು ನೀರಿನ ಕಡೆಗೂ ಬಾಲಗಳನ್ನು ಒಳಕ್ಕೂ ಮಾಡಿಕೊಂಡು ನಿಂತಿವೆ. ಪೊರೆಯ ದಪ್ಪ ಮಿಲಿಮೀಟರಿನ ಸುಮಾರು ಎರಡು ಲಕ್ಷದಲ್ಲೊಂದು ಭಾಗ. ಮದ್ಯಸಾರದ ಅಣುವು ತನ್ನ ನೀರೊಲವಿನ ತುದಿಯನ್ನು ಮೇಲ್ಮೈಯಲ್ಲಿಟ್ಟು ಉಳಿದುದನ್ನು ಬಾಲಗಳ ನಡುವೆ ತೂರಿಸುವುದು. ಮದ್ಯಸಾರದ ಜಾತಿಯಲ್ಲಿ ಇಂಗಾಲದ ಸರಪಣಿಯು ಒಂದೊಂದು ಕೊಂಡಿ ಬೆಳೆದಂತೆಲ್ಲ ಶಕ್ತಿಯು ಸುಮಾರು ಮೂರರಷ್ಟು ಏರುವುದು.

ಹೀಗೆ ಅಣುಗಳು ನುಗ್ಗಿದಾಗ ಪೊರೆಯು ಸಡಿಲಗೊಂಡು, ನರಗಳ ವಾರ್ತೆಯು ನಿಲ್ಲುವುದೆಂದು ಬಹುಮಂದಿ ನಂಬಿದರು. ಮದ್ದಿನಿಂದ ನಿಶ್ಚೇಷ್ಟವಾದ ಕಪ್ಪೆಯ ಮರಿಗಳನ್ನು ವಾಯುಭಾರಕ್ಕಿಂತ ನೂರಾರು ಪಾಲು ಹೆಚ್ಚಾದ ಒತ್ತಡಕ್ಕೆ ಗುರಿಮಾಡಿದಾಗ ಅವು ಮತ್ತೆ ಈಜಿದುವು. ಸಡಿಲವಾದುದು ಬಿಗಿದುಕೊಂಡಿತೆಂದು ಇದನ್ನು ವಿವರಿಸಿದರು.

ಆದರೆ ಆಕ್ಷೇಪಗಳೂ ಎದ್ದುವು. ವೈದ್ಯರು ಕೊಡುವ ಪ್ರಮಾಣದಲ್ಲಿ ಪೊರೆಯು ಸಡಿಲವಾಗುವುದು ಶರೀರದ ಉಷ್ಣವು ಸುಮಾರು ಒಂದು ಡಿಗ್ರಿ ಏರಿದರೆ ಆಗುವಷ್ಟೇ. ಅಷ್ಟು ಜ್ವರಕ್ಕೆ ಯಾರೂ ಎಚ್ಚರ ತಪ್ಪುವುದಿಲ್ಲ. ಅಲ್ಲದೆ ಸರಪಣಿಯು ಸುಮಾರು ಹದಿಮೂರು ಕೊಂಡಿಗಳನ್ನು ಮೀರಿದ ಮದ್ಯಸಾರಗಳು ಎಣ್ಣೆಯಲ್ಲಿ ಚೆನ್ನಾಗಿ ಕರಗಿದರೂ ಅರಿವನ್ನು ಅಡಗಿಸಲಾರವು. 1984ರಲ್ಲಿ ಲಂಡನ್ನಿನ ಫ್ರಾಂಕ್ಸ್ ಮತ್ತು ಲೀಬ್ ಎಂಬವರು ಮಿಂಚುಹುಳುವಿನ ಬೆಳಕಿಗೆ ಕಾರಣವಾದ ಪ್ರೋಟೀನನ್ನು ಪರೀಕ್ಷಿಸಿದರು. ಅದರ ಹತ್ತಿರ ಸ್ನೇಹದ್ರವ್ಯವು ಲೇಶವೂ ಇರಲಿಲ್ಲ. ಆದರೂ ಅರಿವಳಿಕೆಯ ಮದ್ದುಗಳು ತಮ್ಮ ತಮ್ಮ ಬಲಕ್ಕೆ ತಕ್ಕಂತೆ ಅದನ್ನು ತಡೆದುವು. ಪ್ರೋಟೀನಿನಲ್ಲಿಯೂ ನೀರನ್ನು ದೂರವಿಡುವ ಪುಟ್ಟ ಗೂಡುಗಳುಂಟೆಂಬುದೇ ಇದರ ಅರ್ಥ. ಗೂಡಿಗೆ ಹಿಡಿಸದಷ್ಟು ಉದ್ದದ ಅಣುವು ನಿಷ್ಫಲವಾಗುವುದೂ ಇದರಿಂದ ತಿಳಿಯುವುದು. ಮಿದುಳಿನಲ್ಲಿ ನರಗಳನ್ನು ಶಾಂತಗೊಳಿಸುವ ಗಾಬಾ ಎಂಬ ದ್ರವ್ಯವನ್ನು ಗ್ರಹಿಸುವ ಪ್ರೋಟೀನು ಇಂದು ಈ ಬಗೆಯ ಮುಖ್ಯ ನೆಲೆಗಳಲ್ಲೊಂದೆಂದು ಎಣಿಸಲ್ಪಟ್ಟಿದೆ. ಆದರೂ ಇಂತಹ ಪ್ರೋಟೀನುಗಳು ನೆಲೆಸಿರುವುದು ಆ ಪೊರೆಯಲ್ಲಿಯೇ ಆದುದರಿಂದ, ಪೊರೆಯ ವ್ಯತ್ಯಾಸವು ಅವುಗಳನ್ನು ಮುಟ್ಟುವುದೇ ಎಂಬ ವಿಚಾರವು ಮುಗಿದಿಲ್ಲ.

ಇದು ಕೇವಲ ಪಂಡಿತರ ಚರ್ಚೆಯಲ್ಲ. ನೋವನ್ನು ಮರೆಸುವ ಅಣುವೇ ಪ್ರಮಾಣ ಮೀರಿದರೆ ಉಸಿರಾಟದ ಕೇಂದ್ರವನ್ನೂ ತಣ್ಣಗಾಗಿಸುವುದು. ಮದ್ಯಸಾರದಲ್ಲಿ ಈ ಎರಡು ಪ್ರಮಾಣಗಳ ನಡುವಣ ಅಂತರವು ಬಹು ಕಿರಿದಾದುದರಿಂದಲೇ ಅದು ಒಳ್ಳೆಯ ಅರಿವಳಿಕೆಯಾಗಲಿಲ್ಲ. ವಿಪರೀತ ಕುಡಿತವು ಪ್ರಾಣವನ್ನೇ ತೆಗೆಯುವುದೂ ಇದರಿಂದಲೇ. ಎಣ್ಣೆಯ ನಿಯಮವು ಮದ್ದಿನ ಬಲವೆಷ್ಟೆಂಬುದನ್ನು ಹೇಳಿತು. ಬಲವು ಎಲ್ಲಿ ತಗಲುವುದೆಂಬುದು ಪೂರ್ಣವಾಗಿ ತಿಳಿದಂದು, ಅರಿವನ್ನು ಮಾತ್ರ ಮುಟ್ಟಿ ಉಸಿರನ್ನು ಮುಟ್ಟದ ಮದ್ದನ್ನು ರಚಿಸುವ ದಾರಿಯು ತೆರೆಯುವುದು.