ಚರಮಶ್ಲೋಕದಲ್ಲಿ ನಗೆ

ಸತ್ತವರನ್ನು ಹಳಿಯಬಾರದೆಂಬುದು ಹಿರಿಯರ ಮಾತು. ನಮ್ಮ ವೀರಗಲ್ಲುಗಳು ಮಡಿದವನ ಶೌರ್ಯವನ್ನೇ ಸಾರುತ್ತವೆ. ಇಂಗ್ಲೆಂಡಿನ ಸಮಾಧಿಗಲ್ಲುಗಳ ಮೇಲಿನ ಚರಮಶ್ಲೋಕಗಳೂ ಬಹುಮಟ್ಟಿಗೆ ಹೊಗಳಿಕೆಯವೇ. ಆದರೆ 18ನೆಯ ಶತಮಾನದ ಇಂಗ್ಲಿಷ್ ಕವಿಗಳು ಇದೇ ಚರಮಶ್ಲೋಕವನ್ನು ವಿಡಂಬನೆಗೆ ಬಳಸಿದರು. ಸಾವಿನ ವಿಷಯದಲ್ಲಿ ನಗುವುದು ಸರಿಯೇ? ಅವರು ನಕ್ಕದ್ದು ಯಾರನ್ನು ಕಂಡು? ಮೂರು ನಿದರ್ಶನಗಳನ್ನು ನೋಡೋಣ.

ಮೊದಲನೆಯದು, ಬದುಕಿದ್ದವನ ಚರಮಶ್ಲೋಕ. ಲಂಡನ್ನಿನ ಜಾನ್ ಪಾರ್ಟ್ರಿಜ್ ಎಂಬ ಜ್ಯೋತಿಷಿ ಪಂಚಾಂಗಗಳನ್ನು ಅಚ್ಚು ಹಾಕಿಸಿ ಭವಿಷ್ಯ ನುಡಿಯುತ್ತಿದ್ದನು. ಮುಂದೆ ‘ಗಲಿವರನ ಪ್ರವಾಸ’ಗಳಿಂದ ಹೆಸರಾದ ಜೋನಾಥನ್ ಸ್ವಿಫ್ಟ್, ಐಸಾಕ್ ಬಿಕರ್‌ಸ್ಟಾಫ್ ಎಂಬ ಸುಳ್ಳು ಹೆಸರಿನಲ್ಲಿ, 1708ರ ಮಾರ್ಚ್ 29ರ ರಾತ್ರಿ ಪಾರ್ಟ್ರಿಜನೇ ಜ್ವರದಿಂದ ಸಾಯುವನೆಂದು ಭವಿಷ್ಯ ಬರೆದನು. ಆ ದಿನ ಬಂದೊಡನೆ ಅವನ ಮರಣದ ವರದಿ, ಶೋಕಗೀತೆ, ಚರಮಶ್ಲೋಕ ಎಲ್ಲವೂ ಅಚ್ಚಾದವು. ತಾನು ಬದುಕಿರುವೆನೆಂದು ಪಾಪ, ಪಾರ್ಟ್ರಿಜನೇ ಸಾರಬೇಕಾಯಿತು! 1709ರಲ್ಲಿ ಬಿಕರ್‌ಸ್ಟಾಫ್ ಅದನ್ನೂ ಒಪ್ಪದೆ, ಅವನು ಸತ್ತದ್ದು ನಿಜವೆಂದು ವಾದ ಹೂಡಿದನು. ಇಲ್ಲಿ ನಗೆಗೀಡಾದದ್ದು ಸಾವಲ್ಲ, ಸಾವಿನ ಭಯವನ್ನು ಮಾರುವ ಕಸುಬು.

ಎರಡನೆಯದು ಸ್ವಿಫ್ಟ್ ತನ್ನ ಸಾವನ್ನು ತಾನೇ ಕಲ್ಪಿಸಿಕೊಂಡು 1731ರಲ್ಲಿ ಬರೆದ ದೀರ್ಘ ಪದ್ಯ. ಸುದ್ದಿ ಬಂದಾಗ ಇಸ್ಪೀಟಾಡುತ್ತಿದ್ದ ಹೆಂಗಸರು ಅಯ್ಯೋ ಎನ್ನುತ್ತಲೇ ಆಟ ಮುಂದುವರಿಸುತ್ತಾರೆ. ಆಪ್ತಮಿತ್ರರ ದುಃಖಕ್ಕೂ ತಿಂಗಳು, ವಾರ, ದಿನಗಳ ಲೆಕ್ಕವಿದೆ. ವರ್ಷ ಕಳೆದರೆ ಅವನ ಪುಸ್ತಕಗಳನ್ನು ಕೇಳುವವರೇ ಇಲ್ಲ. ಕೊನೆಯಲ್ಲಿ, ಬುದ್ಧಿಭ್ರಮಣೆಯಾದವರ ಆಸ್ಪತ್ರೆಗೆ ತನ್ನ ಹಣವನ್ನು ಬಿಟ್ಟುಹೋಗುವ ಮಾತನ್ನೂ ಹಾಸ್ಯದಲ್ಲೇ ಹೇಳುತ್ತಾನೆ. ಆ ಮಾತು ಮಾತ್ರ ಹಾಸ್ಯವಾಗಿ ಉಳಿಯಲಿಲ್ಲ. 1745ರಲ್ಲಿ ಅವನು ತೀರಿಕೊಂಡ ಬಳಿಕ ಆ ಹಣದಿಂದ ಡಬ್ಲಿನ್ನಿನಲ್ಲಿ ಆಸ್ಪತ್ರೆ ಎದ್ದಿತು. 1757ರಲ್ಲಿ ಅದರ ಬಾಗಿಲು ತೆರೆಯಿತು.

ಮೂರನೆಯದು ಗೆಳೆಯರ ಕೂಟದ್ದು. ಲಂಡನ್ನಿನ ಒಂದು ಕಾಫಿ ಗೃಹದಲ್ಲಿ ಸೇರುತ್ತಿದ್ದ ಗೆಳೆಯರು ಕವಿ ಆಲಿವರ್ ಗೋಲ್ಡ್‌ಸ್ಮಿತ್‌ನ ಮೇಲೆ ಹುಸಿ ಚರಮಶ್ಲೋಕಗಳನ್ನು ಕಟ್ಟಿದರು. ನಟ ಗ್ಯಾರಿಕ್ ಅವನ ಬರವಣಿಗೆಯನ್ನು ಹೊಗಳಿ, ಮಾತಿನ ತೊಡರನ್ನು ಗೇಲಿ ಮಾಡಿದನು. ಗೋಲ್ಡ್‌ಸ್ಮಿತ್ ಕೂಡಲೇ ಸಿಡುಕಲಿಲ್ಲ. ‘ಪ್ರತೀಕಾರ’ ಎಂಬರ್ಥದ ಹೆಸರಿಟ್ಟು ಒಂದು ಪದ್ಯ ತೊಡಗಿದನು. ಅದರಲ್ಲಿ ಗೆಳೆಯರನ್ನು ಒಂದೊಂದು ಭಕ್ಷ್ಯಕ್ಕೆ ಹೋಲಿಸಿ, ತನಗೆ ‘ಫೂಲ್’ ಎಂಬ ಹಣ್ಣಿನ ಸಿಹಿಯನ್ನು ಆರಿಸಿಕೊಂಡನು. ಆ ಪದಕ್ಕೆ ಮೂರ್ಖನೆಂದೂ ಅರ್ಥ! ಗ್ಯಾರಿಕ್‌ನ ಅಭಿನಯವನ್ನು ಮೆಚ್ಚಿ, ಅವನ ಹೊಗಳಿಕೆಯ ದಾಹವನ್ನು ಚುಚ್ಚಿದನು. ಚಿತ್ರಕಾರ ರೆನಾಲ್ಡ್ಸ್‌ನನ್ನು ಪ್ರೀತಿಯಿಂದ ವರ್ಣಿಸುತ್ತಿರುವಾಗಲೇ ಪದ್ಯ ನಿಂತುಹೋಗಿದೆ. 1774ರ ಏಪ್ರಿಲ್ 4ರಂದು ಕವಿಯೇ ತೀರಿಕೊಂಡನು. ಹುಸಿ ಚರಮಶ್ಲೋಕದ ಆಟಕ್ಕೆ ನಿಜವಾದ ಸಾವು ತೆರೆ ಎಳೆಯಿತು.

ಸತ್ತವರನ್ನೇ ಕಟುವಾಗಿ ಇರಿದ ಪದ್ಯಗಳೂ ಆ ಕಾಲದಲ್ಲಿವೆ. 1722ರಲ್ಲಿ ನಿಧನನಾದ ಸೇನಾಪತಿ ಮಾರ್ಲ್‌ಬರೋ ಮೇಲೆ ಸ್ವಿಫ್ಟನೇ ಅಂಥದನ್ನು ಬರೆದನು. ಆದರೆ ನಾವು ಕಂಡ ಮೂರರಲ್ಲೂ ನಗೆಯ ಗುರಿ ಬದುಕಿರುವವರೇ. ಕೊನೆಯ ಎರಡರಲ್ಲಿ ಕವಿ ತನ್ನನ್ನೂ ಬಿಟ್ಟಿಲ್ಲ.

ವಿದ್ಯಾರ್ಥಿ ಮಿತ್ರರೇ, ಸಹಪಾಠಿಯ ಮೇಲೆ ನಗೆಪದ್ಯ ಕಟ್ಟುವ ಆಸೆ ನಿಮಗೂ ಆಗಬಹುದು. ಆಗ ಗೋಲ್ಡ್‌ಸ್ಮಿತ್‌ನ ಅಳತೆಗೋಲನ್ನು ಹಿಡಿದು ನೋಡೋಣ: ದೋಷದೊಡನೆ ಗುಣವನ್ನೂ ಕಂಡಿದ್ದೇವೆಯೇ? ನಗೆಗೀಡಾದವರ ಸಾಲಿನಲ್ಲಿ ನಮಗೂ ಒಂದು ಎಲೆ ಹಾಕಿಕೊಂಡಿದ್ದೇವೆಯೇ?