ಅರಬ್ಬೀ ಸಮುದ್ರಕ್ಕೆ ಬರುವ ಧ್ರುವಪ್ರದೇಶದ ಕಡಲಹಕ್ಕಿಗಳು

ಧ್ರುವಪ್ರದೇಶಗಳಲ್ಲಿ ಮರಿ ಮಾಡಿ, ಉಳಿದ ಕಾಲವನ್ನು ಬೆಚ್ಚನೆಯ ಸಾಗರಗಳಲ್ಲಿ ಕಳೆಯುವ ಕೆಲವು ಕಡಲಹಕ್ಕಿಗಳು ಕರ್ನಾಟಕದ ಕರಾವಳಿಯಾಚೆಯ ಅರಬ್ಬೀ ಸಮುದ್ರದಲ್ಲಿ ಕಂಡುಬರುತ್ತವೆ. ಇವುಗಳಲ್ಲಿ ಅಂಟಾರ್ಕ್ಟಿಕಾದ ವಿಲ್ಸನ್ ಸ್ಟಾರ್ಮ್ ಪೆಟ್ರೆಲ್, ಆರ್ಕ್ಟಿಕ್‌ನ ಪೊಮರೈನ್ ಸ್ಕುವಾ ಹಾಗೂ ಕೆಂಪುಕತ್ತಿನ ಫ್ಯಾಲರೋಪ್ ಮುಖ್ಯವಾದವು. ಲಿಂಗಸುಗೂರು, ಸಿಂಧನೂರು ತಾಲ್ಲೂಕುಗಳ ಅಂಚಿನಲ್ಲಿ ಹರಿಯುವ ಕೃಷ್ಣಾ, ತುಂಗಭದ್ರಾ ನದಿಗಳ ಮೇಲೆ ಹಾರಾಡುವ ನದಿ ರೀವವನ್ನು ಈ ಗುಂಪಿಗೆ ಸೇರಿಸಬಾರದು. ಅದು ಸಿಹಿನೀರಿನ ಹಕ್ಕಿ.

ವಿಲ್ಸನ್ ಸ್ಟಾರ್ಮ್ ಪೆಟ್ರೆಲ್

ಸುಮಾರು 40 ಗ್ರಾಂ ತೂಕದ ಈ ಹಕ್ಕಿಗೆ ಪಕ್ಷಿಶಾಸ್ತ್ರಜ್ಞ ಅಲೆಕ್ಸಾಂಡರ್ ವಿಲ್ಸನ್‌ನ ಹೆಸರನ್ನು ಇಡಲಾಗಿದೆ. ಅಂಟಾರ್ಕ್ಟಿಕಾದ ಬಂಡೆಗಳ ಸಂದುಗಳಲ್ಲಿ ಇದು ಒಂದೇ ಮೊಟ್ಟೆ ಇಡುತ್ತದೆ. ಸ್ಕುವಾಗಳ ಭಯದಿಂದ ಗೂಡಿಗೆ ರಾತ್ರಿಯಲ್ಲಿಯೇ ಬರುತ್ತದೆ. ಹಿಮ ಬಿದ್ದು ಸಂದು ಮುಚ್ಚಿಹೋದರೆ ಒಳಗಿರುವ ಮರಿ ಹಸಿವಿನಿಂದ ಸಾಯುವುದುಂಟು. ಅಲ್ಲಿ ಚಳಿಗಾಲ ಆರಂಭವಾದಾಗ ಭೂಮಧ್ಯರೇಖೆಯನ್ನು ದಾಟಿ ಉತ್ತರಕ್ಕೆ ಬರುತ್ತದೆ.

ಇದರ ಆಹಾರಕ್ರಮ ವಿಶಿಷ್ಟವಾದುದು. ರೆಕ್ಕೆಗಳನ್ನು ಎತ್ತಿ ಹಿಡಿದು, ಕಾಲುಗಳಿಂದ ನೀರನ್ನು ತಟ್ಟುತ್ತ, ಅಲೆಗಳ ಮೇಲೆ ನಡೆಯುವಂತೆ ಸಾಗಿ ಕ್ರಿಲ್ ಮೊದಲಾದ ಸಣ್ಣ ಜೀವಿಗಳನ್ನು ಕೊಕ್ಕಿನಿಂದ ಹೆಕ್ಕುತ್ತದೆ. ಸೂಕ್ಷ್ಮಸಸ್ಯಗಳನ್ನು ಪ್ರಾಣಿಪ್ಲವಕಗಳು ಮೇಯುವಾಗ ಡೈಮಿಥೈಲ್ ಸಲ್ಫೈಡ್ ಎಂಬ ಅನಿಲ ಹೊರಬರುತ್ತದೆ. ಆ ವಾಸನೆಯ ಜಾಡು ಹಿಡಿದು ಹಕ್ಕಿ ಆಹಾರವನ್ನು ಪತ್ತೆಹಚ್ಚುತ್ತದೆ. ನೈಋತ್ಯ ಮಾನ್ಸೂನಿನಲ್ಲಿ ನಮ್ಮ ಕರಾವಳಿಯ ಆಳದ ತಣ್ಣೀರು ಪೋಷಕಾಂಶಗಳೊಡನೆ ಮೇಲಕ್ಕೆ ಬರುವುದರಿಂದ ಪ್ಲವಕಗಳು ಹೆಚ್ಚುತ್ತವೆ. ಆದರೆ ಜೂನ್ 1ರಿಂದ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದು, ಆಗ ಕಡಲಿಗಿಳಿದು ನೋಡುವವರು ವಿರಳ.

ಆರ್ಕ್ಟಿಕ್‌ನ ಹಕ್ಕಿಗಳು

ಪೊಮರೈನ್ ಸ್ಕುವಾ ತವರಿನಲ್ಲಿ ಲೆಮ್ಮಿಂಗ್ ಎಂಬ ಇಲಿಜಾತಿಯ ಪ್ರಾಣಿಯನ್ನು ತಿನ್ನುತ್ತದೆ. ಕಡಲಿನಲ್ಲಿ ಮಾತ್ರ ರೀವಗಳನ್ನು ಅಟ್ಟಿಸಿಕೊಂಡು ಹೋಗಿ, ಅವು ಹಿಡಿದ ಮೀನನ್ನು ಕಸಿದುಕೊಳ್ಳುತ್ತದೆ. ಫ್ಯಾಲರೋಪ್ ನೀರಿನ ಮೇಲೆ ಬುಗುರಿಯಂತೆ ಸುತ್ತಿ, ಮೇಲೆದ್ದ ಕಿರುಜೀವಿಗಳನ್ನು ಹೆಕ್ಕುತ್ತದೆ.

ಸಸ್ತನಿಗಳು

ಧ್ರುವಸಾಗರದ ಸೀಲ್‌ಗಳು ಇಲ್ಲಿಗೆ ಬರುವುದಿಲ್ಲ. ಅಂಟಾರ್ಕ್ಟಿಕಾದ ‘ಏಡಿಭಕ್ಷಕ’ ಸೀಲ್‌ಗೆ ಹೆಸರು ಹಾಗಿದ್ದರೂ ಅದರ ಮುಖ್ಯ ಆಹಾರ ಕ್ರಿಲ್; ಹಲ್ಲುಗಳ ಸಂದಿನಿಂದ ನೀರನ್ನು ಸೋಸಿ ನುಂಗುತ್ತದೆ. ದಕ್ಷಿಣ ಗೋಳಾರ್ಧದ ಗೂನುಬೆನ್ನಿನ ತಿಮಿಂಗಿಲಗಳು ಕ್ರಿಲ್‌ಗಾಗಿ ಅಂಟಾರ್ಕ್ಟಿಕಾಕ್ಕೆ ವಲಸೆ ಹೋಗುತ್ತವೆ. ಅರಬ್ಬೀ ಸಮುದ್ರದವು ಹಾಗಲ್ಲ. ಇಲ್ಲಿಯೇ ಬೂತಾಯಿಯಂತಹ ಮೀನುಗಳನ್ನು ತಿಂದು, ಇಲ್ಲಿಯೇ ಮರಿ ಹಾಕುತ್ತವೆ.

ಎಳೆಯ ಕ್ರಿಲ್‌ಗಳು ಚಳಿಗಾಲದಲ್ಲಿ ಸಮುದ್ರಹಿಮದ ಅಡಿಯ ಪಾಚಿಯನ್ನು ಅವಲಂಬಿಸಿವೆ. ಆ ಹಿಮ ಕಡಿಮೆಯಾದ ಕಡೆ ಕ್ರಿಲ್‌ಗಳೂ ಕಡಿಮೆಯಾಗುತ್ತವೆ, ಪೆಟ್ರೆಲ್ ಮರಿಗೆ ಸಿಗುವ ತುತ್ತೂ ಕಡಿಮೆಯಾಗುತ್ತದೆ.